ಹಿಮೊಫಿಲಿಯಾ ಮತ್ತು ದುಡಿಮೆಯ ಹಕ್ಕು

ಜೀವನಪರ್ಯಂತ ಉಳಿಯುವ ಅಪರೂಪದ ಕಾಯಿಲೆಯಿರುವವರ ಉದ್ಯೋಗದ ಪ್ರಶ್ನೆಯನ್ನು ಸಾಮಾನ್ಯವಾಗಿ ಅವರ ದೇಹಶಕ್ತಿಯ ಪ್ರಶ್ನೆಯಾಗಿ ನೋಡಲಾಗುತ್ತದೆ. ಆದರೆ ಕುಸುಮ ರೋಗವೆಂದೂ ಕರೆಯಲಾಗುವ ಹಿಮೊಫಿಲಿಯಾದ ಸ್ವರೂಪವನ್ನು ಪರಿಶೀಲಿಸಿದರೆ, ದುಡಿಯುವ ಸಾಮರ್ಥ್ಯವು ಔಷಧ ಎಷ್ಟು ಬೇಗ ದೊರೆಯುತ್ತದೆ ಮತ್ತು ಕೆಲಸದ ಸ್ಥಳ ಎಷ್ಟರಮಟ್ಟಿಗೆ ಅನುವು ಮಾಡಿಕೊಡುತ್ತದೆ ಎಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿದೆ ಎಂಬುದು ತಿಳಿಯುತ್ತದೆ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ರೋಟೀನುಗಳನ್ನು ವೈದ್ಯರು ಫ್ಯಾಕ್ಟರ್ ಎಂದು ಕರೆಯುತ್ತಾರೆ. ಎಂಟನೆಯ ಫ್ಯಾಕ್ಟರ್ ಕೊರತೆಯಾದರೆ ಹಿಮೊಫಿಲಿಯಾ ‘ಎ’, ಒಂಬತ್ತನೆಯದು ಕೊರತೆಯಾದರೆ ಹಿಮೊಫಿಲಿಯಾ ‘ಬಿ’ ಉಂಟಾಗುತ್ತದೆ. ಇವೆರಡರ ಜೀನುಗಳೂ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ, ಒಂದೇ ಎಕ್ಸ್ ಹೊಂದಿರುವ ಗಂಡುಮಕ್ಕಳಲ್ಲಿ ಕಾಯಿಲೆ ಹೆಚ್ಚಾಗಿ ಪ್ರಕಟವಾಗುತ್ತದೆ; ‘ಎ’ ಬಗೆಯದು ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಸಣ್ಣ ಗಾಯವಾದರೂ ರೋಗಿಯ ರಕ್ತವೆಲ್ಲ ಹರಿದುಹೋಗುತ್ತದೆ ಎಂಬ ಭಯ ವ್ಯಾಪಕವಾಗಿದ್ದರೂ ಅದು ನಿಜವಲ್ಲ. ರಕ್ತ ಇತರರಿಗಿಂತ ವೇಗವಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಮತ್ತು ದುಡಿಮೆಗೆ ಮಾರಕವಾಗುವುದು ಮಂಡಿ, ಮೊಣಕೈ, ಪಾದದ ಕೀಲುಗಳ ಒಳಗೆ ಕಣ್ಣಿಗೆ ಕಾಣದೆ ಆಗುವ ರಕ್ತಸ್ರಾವ. ಫ್ಯಾಕ್ಟರ್ ಪ್ರಮಾಣ ಸಹಜ ಮಟ್ಟದ ಶೇ. 1ಕ್ಕಿಂತ ಕಡಿಮೆಯಿರುವ ತೀವ್ರ ಸ್ವರೂಪದವರಲ್ಲಿ ಪೆಟ್ಟೇನೂ ಬೀಳದೆಯೂ ಇಂಥ ಸ್ರಾವ ಆಗಬಹುದು. ಅದು ಮರುಕಳಿಸಿದಂತೆ ಕೀಲಿನ ಮೃದ್ವಸ್ಥಿ ಸವೆದು, ಕಾಲು ಮಡಿಸಲು, ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆ.

ಈ ಹಾನಿಯನ್ನು ಬಹುಪಾಲು ತಡೆಯಬಹುದು. ಕೊರತೆಯಿರುವ ಫ್ಯಾಕ್ಟರನ್ನು ರಕ್ತನಾಳದ ಮೂಲಕ ಮುಂಚಿತವಾಗಿಯೇ ಕೊಡುತ್ತ ಬರುವುದು ಮುಂಜಾಗ್ರತಾ ಚಿಕಿತ್ಸಾಕ್ರಮ. ಕೊಟ್ಟ ಎಂಟನೆಯ ಫ್ಯಾಕ್ಟರ್ ಸುಮಾರು 12 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ವಾರಕ್ಕೆ ಎರಡು ಮೂರು ಸಲ ಚುಚ್ಚುಮದ್ದು ಬೇಕಾಗುತ್ತದೆ. ಹಿಮೊಫಿಲಿಯಾ ‘ಎ’ ಇರುವವರಿಗೆ ಎಮಿಸಿಜುಮ್ಯಾಬ್ ಎಂಬ ಔಷಧವನ್ನು ಚರ್ಮದ ಕೆಳಗೆ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡಬಹುದು. ಸ್ರಾವ ಆದ ಮೇಲೆ ಮಾತ್ರ ಚಿಕಿತ್ಸೆ ಪಡೆಯುವವರು ಪ್ರತಿಸಲವೂ ಹಲವು ದಿನ ಹಾಸಿಗೆ ಹಿಡಿಯಬೇಕಾದರೆ, ಮುಂಚಿತ ಚಿಕಿತ್ಸೆ ಪಡೆಯುವವರು ಕೆಲಸಕ್ಕೆ ನಿಯಮಿತವಾಗಿ ಹಾಜರಾಗಬಲ್ಲರು. ಚಿಕಿತ್ಸೆಗೆ ತಗಲುವ ವೆಚ್ಚವನ್ನು ಲೆಕ್ಕಹಾಕುವಾಗ ಉಳಿಯುವ ದುಡಿಮೆಯ ದಿನಗಳನ್ನೂ ಲೆಕ್ಕಕ್ಕೆ ಸೇರಿಸಬೇಕಾದದ್ದು ಇದೇ ಕಾರಣಕ್ಕೆ.

ಕೆಲಸದ ಸ್ಥಳದಿಂದ ಬೇಕಾಗುವ ಅನುಕೂಲಗಳು ದುಬಾರಿಯಾದವಲ್ಲ. ಚುಚ್ಚುಮದ್ದಿನ ದಿನ ಅರ್ಧ ಗಂಟೆ ತಡವಾಗಿ ಬರಲು ಅವಕಾಶ, ಔಷಧವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲು ಕಚೇರಿಯ ಫ್ರಿಜ್‌ನಲ್ಲಿ ಸ್ವಲ್ಪ ಜಾಗ, ನೆಲಮಹಡಿಯಲ್ಲಿ ಆಸನ, ಕೀಲು ಊದಿಕೊಂಡ ದಿನ ಮನೆಯಿಂದಲೇ ಕೆಲಸ ಮಾಡುವ ಸೌಲಭ್ಯ, ಇಷ್ಟಿದ್ದರೆ ಅನೇಕರಿಗೆ ಸಾಕಾಗುತ್ತದೆ. ಭಾರ ಎತ್ತುವ, ದಿನವಿಡೀ ನಿಂತೇ ಇರುವ ಕೆಲಸ ತೀವ್ರ ಸ್ವರೂಪದವರಿಗೆ ಹೊಂದದು. ಹಾಗೆಂದು ಗಂಟೆಗಟ್ಟಲೆ ಕದಲದೆ ಕೂರುವುದೂ ಒಳ್ಳೆಯದಲ್ಲ, ಏಕೆಂದರೆ ಅದರಿಂದ ಕೀಲುಗಳು ಬಿಗಿಯುತ್ತವೆ. ಇಂಥವರಿಗೆ ಆ್ಯಸ್ಪಿರಿನ್ ಕೊಡಬಾರದು, ಸ್ರಾವವಾದಾಗ ಆ ಭಾಗಕ್ಕೆ ವಿಶ್ರಾಂತಿ ಕೊಟ್ಟು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ತಡಮಾಡದೆ ಫ್ಯಾಕ್ಟರ್ ಕೊಡಿಸಬೇಕು ಎಂಬ ತಿಳಿವಳಿಕೆ ಒಬ್ಬಿಬ್ಬರು ಸಹೋದ್ಯೋಗಿಗಳಿಗಾದರೂ ಇರುವುದು ಒಳಿತು.

ಕಾನೂನು ಈ ದಿಕ್ಕಿನಲ್ಲಿ ಅರ್ಧ ದಾರಿ ಸಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016 ಗುರುತಿಸಿದ 21 ವೈಕಲ್ಯಗಳಲ್ಲಿ ಹಿಮೊಫಿಲಿಯಾ, ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರೋಗಗಳು ಸೇರಿವೆ. ಸರ್ಕಾರಿ ಸಂಸ್ಥೆಗಳು ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಮತ್ತು ಸಮಂಜಸ ಹೊಂದಾಣಿಕೆ, ಅಂದರೆ ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂಥ ಸೂಕ್ತ ಮಾರ್ಪಾಡು, ಒದಗಿಸಬೇಕು ಎಂದು ಕಾಯ್ದೆ ವಿಧಿಸುತ್ತದೆ. ಸಮಾನ ಅವಕಾಶ ನೀತಿಯನ್ನು ಪ್ರಕಟಿಸುವ ಹೊಣೆ ಖಾಸಗಿ ಸಂಸ್ಥೆಗಳಿಗೂ ಇದೆ. ಆದರೆ ಸರ್ಕಾರಿ ನೌಕರಿಗಳಲ್ಲಿನ ಶೇ. 4ರ ಮೀಸಲಾತಿಯ ವರ್ಗಗಳಲ್ಲಿ ರಕ್ತಕ್ಕೆ ಸಂಬಂಧಿಸಿದ ಈ ಕಾಯಿಲೆಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಕೀಲುಗಳು ಹಾಳಾಗಿ ಚಲನವೈಕಲ್ಯ ಉಂಟಾದವರಿಗೆ ಆ ವರ್ಗದ ಬಾಗಿಲು ತೆರೆಯಬಹುದಾದರೂ, ಕೀಲುಗಳನ್ನು ಕಾಪಾಡಿಕೊಂಡು ಬಂದವರು ಮೀಸಲಾತಿಯ ಹೊರಗೇ ಉಳಿಯುತ್ತಾರೆ. ಹಾನಿಯಾದ ಮೇಲಷ್ಟೇ ನೆರವಿಗೆ ಬರುವ ವ್ಯವಸ್ಥೆ ನ್ಯಾಯವಾದದ್ದಲ್ಲ. ಇದನ್ನು ಶಾಸಕಾಂಗ ಮರುಪರಿಶೀಲಿಸಬೇಕು.

ಕಾನೂನಿನ ಅನುಕೂಲ ಪಡೆಯಲು ಕಾಯಿಲೆಯನ್ನು ತಿಳಿಸಬೇಕಾಗುತ್ತದೆ, ತಿಳಿಸಿದರೆ ಕೆಲಸ ಕೈತಪ್ಪಬಹುದೆಂಬ ಅಂಜಿಕೆಯಿಂದ ಅನೇಕರು ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ನೋವು ನುಂಗಿಕೊಂಡು ಕೆಲಸ ಮಾಡಿ, ಚಿಕಿತ್ಸೆ ತಡವಾಗಿ, ಕೀಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಆದ್ದರಿಂದ ಹೇಳಿಕೊಳ್ಳುವ ಧೈರ್ಯವನ್ನು ರೋಗಿಯಿಂದ ನಿರೀಕ್ಷಿಸುವ ಮೊದಲು, ಹೇಳಿದವರಿಗೆ ನಷ್ಟವಾಗದು ಎಂಬ ಭರವಸೆಯನ್ನು ಸಂಸ್ಥೆ ತನ್ನ ನಡೆಯಿಂದ ತೋರಬೇಕು.

ಹಿಮೊಫಿಲಿಯಾ ಇರುವವರ ದುಡಿಮೆ ಸಮಾಜಕ್ಕೆ ಏನು ಕೊಡಬಲ್ಲದು ಎಂಬುದಕ್ಕೆ ನಿದರ್ಶನಗಳಿವೆ. ವಿಶ್ವ ಹಿಮೊಫಿಲಿಯಾ ಒಕ್ಕೂಟವನ್ನು 1963ರಲ್ಲಿ ಸ್ಥಾಪಿಸಿದ ಫ್ರಾಂಕ್ ಶ್ನಾಬೆಲ್ ಕೆನಡಾದ ಮಾಂಟ್ರಿಯಲ್‌ನ ಉದ್ಯಮಿಯಾಗಿದ್ದರು, ತೀವ್ರ ಹಿಮೊಫಿಲಿಯಾ ಇದ್ದವರು. ಅವರ ಜನ್ಮದಿನವಾದ ಏಪ್ರಿಲ್ 17ನ್ನೇ ವಿಶ್ವ ಹಿಮೊಫಿಲಿಯಾ ದಿನವಾಗಿ ಆಚರಿಸಲಾಗುತ್ತದೆ. ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಅವರು ಇದೇ ಕಾಯಿಲೆಯೊಂದಿಗೆ ವೈದ್ಯರಾಗಿ, ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯನ್ನು ಕಟ್ಟಿ, ತಮ್ಮಂಥ ನೂರಾರು ಕುಟುಂಬಗಳಿಗೆ ಚಿಕಿತ್ಸೆಯ ದಾರಿ ತೆರೆದಿದ್ದಾರೆ. ಇಂಥ ಬದುಕು ಅಸಾಧಾರಣ ಛಲ ಉಳ್ಳವರಿಗೆ ಮಾತ್ರ ಸಾಧ್ಯವಾಗುವ ಸ್ಥಿತಿ ಬದಲಾಗಬೇಕಾದರೆ, ಜಿಲ್ಲಾ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಎಂದೂ ತಪ್ಪದೆ ಸಿಗುವಂತೆ ಆರೋಗ್ಯ ಇಲಾಖೆಯೂ, ಚಿಕಿತ್ಸೆಗೆ ಸಮಯ ಸಿಗುವಂತೆ ಉದ್ಯೋಗದಾತರೂ ನೋಡಿಕೊಳ್ಳಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಇನ್ನೊಂದಕ್ಕೆ ಮಾಡಿದ ವೆಚ್ಚ ಪೂರ್ಣ ಫಲ ಕೊಡಲಾರದು.