ಒಂದೂವರೆ ಲಕ್ಷ ವಿದ್ಯಾರ್ಥಿಗಳ ತರಗತಿ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ, ತನ್ನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೋಧಿಸುತ್ತಿದ್ದ ವಿದ್ಯುನ್ಮಂಡಲಗಳ ಪಾಠವನ್ನು 2012ರ ಮಾರ್ಚ್‌ನಲ್ಲಿ ಅಂತರ್ಜಾಲದ ಮೂಲಕ ಯಾರು ಬೇಕಾದರೂ ಉಚಿತವಾಗಿ ಕಲಿಯುವಂತೆ ತೆರೆದಿಟ್ಟಾಗ, 1,54,763 ಮಂದಿ ಹೆಸರು ನೋಂದಾಯಿಸಿಕೊಂಡರು. ಪ್ರವೇಶ ಪರೀಕ್ಷೆಯಾಗಲಿ ಶುಲ್ಕವಾಗಲಿ ಸೀಟುಗಳ ಮಿತಿಯಾಗಲಿ ಇಲ್ಲದ ಇಂತಹ ಪಾಠಕ್ರಮಗಳನ್ನು ‘ಮೂಕ್’ ಎಂದು ಕರೆಯುತ್ತಾರೆ. 6.002ಎಕ್ಸ್ ಎಂಬ ಸಂಕೇತದಿಂದ ಪರಿಚಿತವಾದ ಈ ಪಾಠಕ್ರಮದ ಮುಖ್ಯ ಅಧ್ಯಾಪಕರು ಮಂಗಳೂರಿನಲ್ಲಿ ಬೆಳೆದು, ಮದರಾಸಿನ ಐಐಟಿಯಲ್ಲಿ ಓದಿ, ಎಂಐಟಿ ಸೇರಿದ ಅನಂತ್ ಅಗರ್ವಾಲ್. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಪಾಠದ ರೂಪವೇ ಬೇರೆಯಾಗಿತ್ತು. ಗಂಟೆಗಟ್ಟಲೆಯ ಉಪನ್ಯಾಸಕ್ಕೆ ಬದಲಾಗಿ ಕೆಲವೇ ನಿಮಿಷಗಳ ವಿಡಿಯೊ ತುಣುಕುಗಳಿದ್ದು, ಅವುಗಳ ನಡುನಡುವೆ ಚಿಕ್ಕ ಪ್ರಶ್ನೆಗಳು ಬರುತ್ತಿದ್ದವು. ಉತ್ತರ ಸರಿಯಾದರೆ ಹಸಿರು ಗುರುತು ಆ ಕ್ಷಣವೇ ಮೂಡುತ್ತಿತ್ತು, ತಪ್ಪಾದರೆ ಮತ್ತೆ ಪ್ರಯತ್ನಿಸಬಹುದಾಗಿತ್ತು. ಪ್ರತಿರೋಧಕ, ಧಾರಕ ಮೊದಲಾದ ಬಿಡಿಭಾಗಗಳನ್ನು ಪರದೆಯ ಮೇಲೆ ಜೋಡಿಸಿ ಮಂಡಲ ಕಟ್ಟಿ ನೋಡುವ ಪ್ರಯೋಗಶಾಲೆಯೂ ಇತ್ತು. ಆದರೆ ಪಾಠ ಉಚಿತವೆಂಬ ಕಾರಣಕ್ಕೆ ಸುಲಭವೇನೂ ಆಗಿರಲಿಲ್ಲ. ಕಲನಶಾಸ್ತ್ರವೂ ವಿದ್ಯುತ್ತಿನ ಭೌತಶಾಸ್ತ್ರವೂ ಮೊದಲೇ ತಿಳಿದಿರಬೇಕಾಗಿದ್ದು, ವಾರವಾರವೂ ಗಡುವಿನೊಳಗೆ ಮನೆಗೆಲಸ ಒಪ್ಪಿಸಬೇಕಿತ್ತು.

ನೋಂದಾಯಿಸಿಕೊಂಡವರಲ್ಲಿ ಮೊದಲ ಮನೆಗೆಲಸದಲ್ಲಿ ಒಂದಾದರೂ ಅಂಕ ಗಳಿಸಿದವರು 26,349 ಮಂದಿ. ಕೊನೆಗೆ ಪ್ರಮಾಣಪತ್ರ ಪಡೆದವರು 7,157 ಮಂದಿ, ಅಂದರೆ ನೂರಕ್ಕೆ ಐವರಿಗಿಂತಲೂ ಕಡಿಮೆ. ಟೀಕಾಕಾರರು ಹಿಡಿದುಕೊಂಡದ್ದು ಈ ಶೇಕಡಾವಾರು ಲೆಕ್ಕವನ್ನು. ಸಮರ್ಥಕರು ಹಿಡಿದುಕೊಂಡದ್ದು ಏಳು ಸಾವಿರವೆಂಬ ಸಂಖ್ಯೆಯನ್ನು, ಏಕೆಂದರೆ ಅಷ್ಟು ಮಂದಿಗೆ ಕೋಣೆಯೊಳಗೆ ಪಾಠ ಹೇಳಿ ತೇರ್ಗಡೆ ಮಾಡಿಸಲು ಒಬ್ಬ ಅಧ್ಯಾಪಕನ ಆಯುಷ್ಯವೇ ಬೇಕಾಗುತ್ತದೆ. ಎರಡು ವಾದಗಳೂ ತಮಗೆ ಬೇಕಾದುದನ್ನಷ್ಟೇ ಎಣಿಸಿದವು. ಕುತೂಹಲಕ್ಕೆ ಹೆಸರು ಬರೆಸಿದವನನ್ನೂ ರಾತ್ರಿ ನಿದ್ದೆಗೆಟ್ಟು ಲೆಕ್ಕ ಬಿಡಿಸಿದವನನ್ನೂ ಒಂದೇ ಹಾಜರಿ ಪಟ್ಟಿಯಲ್ಲಿ ಸೇರಿಸಿ ಭಾಗಿಸಿದರೆ ಬರುವ ಉತ್ತರ, ಕಲಿಕೆಯ ಬಗ್ಗೆ ಹೆಚ್ಚೇನನ್ನೂ ಹೇಳಲಾರದು.

ಇಷ್ಟು ದೊಡ್ಡ ತರಗತಿಯಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಸಿಗುವುದಾದರೂ ಹೇಗೆ? ಅಗರ್ವಾಲ್ ಅವರೇ 2013ರ ಉಪನ್ಯಾಸವೊಂದರಲ್ಲಿ ಹೇಳಿಕೊಂಡಂತೆ, ಒಂದು ನಡುರಾತ್ರಿ ಪಾಕಿಸ್ತಾನದ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಗೆ ಅವರು ಉತ್ತರ ಬೆರಳಚ್ಚಿಸುತ್ತಿರುವಾಗಲೇ ಬೇರೆ ದೇಶದವನೊಬ್ಬ ಅರ್ಧ ಸರಿಯಾದ ಉತ್ತರ ಕೊಟ್ಟ, ಅದನ್ನು ತಿದ್ದಲು ಹೊರಟಾಗ ಇನ್ನೊಬ್ಬ ಮಧ್ಯೆ ಬಂದ, ಬೆಳಗಿನ ನಾಲ್ಕರ ಹೊತ್ತಿಗೆ ವಿದ್ಯಾರ್ಥಿಗಳು ತಾವೇ ಚರ್ಚಿಸಿ ಸರಿಯಾದ ಉತ್ತರ ಕಂಡುಕೊಂಡಿದ್ದರು. ಅಧ್ಯಾಪಕರಿಗೆ ಉಳಿದದ್ದು ಅದನ್ನು ಅನುಮೋದಿಸುವ ಕೆಲಸ ಮಾತ್ರ. ಮನಸೆಳೆಯುವ ಪ್ರಸಂಗವಿದು. ಆದರೂ ಈ ಪಾಠಕ್ರಮದ ದತ್ತಾಂಶವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ ಚಿತ್ರ ಸ್ವಲ್ಪ ಬೇರೆ: ಒಟ್ಟು ವಿದ್ಯಾರ್ಥಿಗಳಲ್ಲಿ ಚರ್ಚೆಯಲ್ಲಿ ಪಾಲ್ಗೊಂಡವರು ನೂರಕ್ಕೆ ಮೂವರು ಮಾತ್ರ. ಪ್ರಮಾಣಪತ್ರ ಪಡೆದವರಲ್ಲಿಯೂ ಅರ್ಧಕ್ಕೆ ಅರ್ಧ ಮಂದಿ ಬಾಯಿ ಬಿಟ್ಟಿರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ನಿರ್ಣಯಕ್ಕೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಪರದೆಯಾಚೆ, ಎದುರುಬದುರು ಕುಳಿತು ಸಹಪಾಠಿಯೊಡನೆಯೋ ವಿಷಯ ಬಲ್ಲವರೊಡನೆಯೋ ಕಲಿತ ವಿದ್ಯಾರ್ಥಿಗೆ, ಉಳಿದೆಲ್ಲ ಸಮನಾಗಿದ್ದಾಗ, ಒಂಟಿಯಾಗಿ ಕಲಿತವನಿಗಿಂತ ಸುಮಾರು ಮೂರು ಅಂಕ ಹೆಚ್ಚು ಬರುತ್ತಿತ್ತು. ಪೂರ್ಣಾಂಕ ಗಳಿಸಿದ 340 ಮಂದಿಯಲ್ಲಿ ಒಬ್ಬನಾಗಿ ಜಗತ್ತಿನ ಪತ್ರಿಕೆಗಳಲ್ಲಿ ಸುದ್ದಿಯಾದ ಮಂಗೋಲಿಯದ 15 ವರ್ಷದ ಹುಡುಗನ ಪ್ರತಿಭೆ ನಿರ್ವಿವಾದ. ಆದರೆ ಉಲಾನ್‌ಬಾತರ್‌ನ ಅವನ ಶಾಲೆಯ ಮುಖ್ಯಸ್ಥರು ಸ್ವತಃ ಎಂಐಟಿ ಪದವೀಧರರಾಗಿದ್ದರೆಂಬುದೂ, ಪ್ರಯೋಗ ಮಾಡಿಸಲೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ಸಲಕರಣೆಗಳೊಂದಿಗೆ ಅಲ್ಲಿಗೆ ಹೋಗಿದ್ದನೆಂಬುದೂ ಅಷ್ಟೇ ಮುಖ್ಯ. ದೂರದ ಪ್ರಾಧ್ಯಾಪಕರ ಪಾಠ ಅಲ್ಲಿ ಫಲಿಸಿದ್ದು ಹತ್ತಿರದ ಮೇಷ್ಟರಿದ್ದುದರಿಂದ.

ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯವೂ 2012ರಲ್ಲಿ ಇದೇ ದಾರಿ ಹಿಡಿಯಿತು. ವಿದ್ಯಾರ್ಥಿಗಳು ಮನೆಯಲ್ಲಿ ಎಂಐಟಿಯ ವಿಡಿಯೊ ನೋಡಿ ಬಂದು, ತರಗತಿಯಲ್ಲಿ ತಮ್ಮದೇ ಅಧ್ಯಾಪಕರೊಂದಿಗೆ ಸಮಸ್ಯೆಗಳನ್ನು ಬಿಡಿಸಿದಾಗ, ನೂರಕ್ಕೆ ಅರವತ್ತರ ಆಸುಪಾಸಿನಲ್ಲಿದ್ದ ತೇರ್ಗಡೆಯ ಪ್ರಮಾಣ ತೊಂಬತ್ತನ್ನು ದಾಟಿತು. ಹೀಗಿದ್ದರೂ ಮರುವರ್ಷ ಅಲ್ಲಿನ ತತ್ತ್ವಶಾಸ್ತ್ರ ವಿಭಾಗದ ಅಧ್ಯಾಪಕರು, ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರ ‘ನ್ಯಾಯ’ ಕುರಿತ ಅಂತರ್ಜಾಲ ಪಾಠವನ್ನು ಬಳಸಲು ಒಪ್ಪದೆ, ಅವರಿಗೇ ಬಹಿರಂಗ ಪತ್ರ ಬರೆದರು: ಸಿದ್ಧ ವಿಡಿಯೊಗಳು ಬಂದ ಮೇಲೆ ಸಾಮಾನ್ಯ ಕಾಲೇಜುಗಳಲ್ಲಿ ಅಧ್ಯಾಪಕರ ಹುದ್ದೆಗಳೇ ಕರಗಬಹುದೆಂಬುದು ಅವರ ಆತಂಕವಾಗಿತ್ತು. ಸ್ಯಾನ್ ಹೋಸೆಯಲ್ಲಿ ತೇರ್ಗಡೆ ಹೆಚ್ಚಿದ್ದು ಅಧ್ಯಾಪಕರನ್ನು ಉಳಿಸಿಕೊಂಡ ತರಗತಿಯಲ್ಲಿಯೇ ಎಂಬುದನ್ನು ನೆನೆದರೆ ಆ ಆತಂಕವನ್ನು ಹಟವೆಂದು ತಳ್ಳಿಹಾಕುವುದು ಕಷ್ಟ.

ಎಂಐಟಿಯ ಆ ಮೊದಲ ಪಾಠಕ್ರಮದಲ್ಲಿ ಭಾರತದ ಪಾಲು ಸಣ್ಣದಲ್ಲ. ಅಮೆರಿಕವನ್ನು ಬಿಟ್ಟರೆ ಅತಿ ಹೆಚ್ಚು ವಿದ್ಯಾರ್ಥಿಗಳು ನೋಂದಾಯಿಸಿಕೊಂಡದ್ದು ಭಾರತದಿಂದಲೇ. ಜಬಲಪುರದ ಹದಿಹರೆಯದ ವಿದ್ಯಾರ್ಥಿಯೊಬ್ಬನಂತೂ ಪಾಠ ಮುಗಿದ ಮೇಲೆ ಅದರ ಮುಂದಿನ ಹಂತವನ್ನು ಎಂಐಟಿ ಆಗಿನ್ನೂ ಆರಂಭಿಸಿಲ್ಲವೆಂದು ತಿಳಿದು, ಇಬ್ಬರು ಸಹಪಾಠಿಗಳನ್ನು ಜೊತೆಗೆ ಕೂಡಿಸಿಕೊಂಡು, ಸಂಕೇತ ಮತ್ತು ವ್ಯವಸ್ಥೆಗಳ ಕುರಿತ ಪಾಠಕ್ರಮವನ್ನು ತಾನೇ ಅಂತರ್ಜಾಲದಲ್ಲಿ ಆರಂಭಿಸಿ ನಡೆಸಿದನು. ಮುಂದೆ ಎಂಐಟಿಯಲ್ಲಿ ಅವನಿಗೆ ಪ್ರವೇಶವೂ ದೊರೆಯಿತು.