ಕತೆಯ ಕುದುರೆ ಸತ್ತಿತ್ತೋ, ಬದುಕಿತ್ತೋ?

ರಜೆಯಲ್ಲಿ ನಾಲ್ಕು ಮಕ್ಕಳು ಸೇರಿದರೆ ಕಾಸಿನ ಖರ್ಚಿಲ್ಲದೆ ಆಡಬಹುದಾದ ಆಟ ಎಂದರೆ ಕತೆ ಕಟ್ಟುವ ಆಟ. ಒಬ್ಬರು ‘ಒಂದೂರಿನಲ್ಲಿ ಒಬ್ಬ ರಾಜ ಇದ್ದ’ ಎನ್ನುತ್ತಾರೆ. ಪಕ್ಕದವರು ಇನ್ನೊಂದು ವಾಕ್ಯ ಸೇರಿಸುತ್ತಾರೆ. ಹೀಗೆ ಸುತ್ತು ಬಂದಷ್ಟೂ ಕತೆ ಬೆಳೆಯುತ್ತದೆ. ಹಲಗೆ ಬೇಡ, ಮೊಬೈಲ್ ಬೇಡ. ಕರೆಂಟ್ ಹೋಗಿದ್ದರಂತೂ ಇನ್ನೂ ಚೆನ್ನ.

ಜಗಳ ಶುರುವಾಗುವುದು ಎಲ್ಲಿ ಗೊತ್ತೇ? ಮೂರನೇ ಸುತ್ತಿನಲ್ಲಿ ಹೊಳೆಗೆ ಬಿದ್ದು ಸತ್ತ ಕುದುರೆಯ ಮೇಲೆ ಐದನೇ ಸುತ್ತಿನಲ್ಲಿ ಯಾರೋ ರಾಜನನ್ನು ಕೂರಿಸಿಬಿಡುತ್ತಾರೆ. ‘ಏಯ್, ಕುದುರೆ ಸತ್ತಿತ್ತು!’ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಹೇಳಿದ್ದು ಗುಂಪಿನ ಪುಟ್ಟ ಮಗುವಾದರೆ ಮುಖ ಸಪ್ಪಗಾಗಿ, ಮುಂದಿನ ಸುತ್ತಿನಲ್ಲಿ ‘ನಾನು ಪಾಸ್’ ಎನ್ನುತ್ತದೆ. ಅದರ ಮುಂದಿನ ಸುತ್ತಿಗೆ ಎದ್ದೇ ಹೋಗುತ್ತದೆ. ತಪ್ಪನ್ನು ಹಾಗೇ ಬಿಟ್ಟರೆ ಕತೆ ಕೆಡುತ್ತದೆ. ಎಲ್ಲರೂ ತಿದ್ದಲು ಹೊರಟರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾದರೆ ತಿದ್ದುವ ಹಕ್ಕು ಯಾರದು?

ನಮ್ಮ ಕರಾವಳಿ, ಮಲೆನಾಡಿನ ತಾಳಮದ್ದಳೆಯಲ್ಲಿ ಇದಕ್ಕೊಂದು ಒಳ್ಳೆಯ ಉತ್ತರವಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನಾಗಿ, ಕರ್ಣನಾಗಿ, ಆ ಹೊತ್ತಿಗೆ ಹೊಳೆದ ಮಾತನ್ನು ಆಡುತ್ತಾರೆ. ಆಗ ಮಾತು ಜಾರುವುದೂ ಉಂಟು. ಎದುರಿನವರು ಪಾತ್ರ ಬಿಟ್ಟು ‘ಅದು ತಪ್ಪು’ ಎನ್ನುವುದಿಲ್ಲ. ಪಾತ್ರದ ಒಳಗಿದ್ದೇ, ‘ಆಗ ಹಾಗೆಂದೆ, ಈಗ ಹೀಗೆನ್ನುತ್ತೀಯಲ್ಲ?’ ಎಂದು ಹಿಡಿಯುತ್ತಾರೆ. ಜಾರಿದವರು ಅದಕ್ಕೊಂದು ಸಮಾಧಾನ ಹೇಳಬೇಕು. ಜಾಣತನದಿಂದ ಹೇಳಿದರೆ ಸಭೆಗೂ ಖುಷಿ. ಚರ್ಚೆ ತೀರಾ ಎಳೆದಾಡಿದರೆ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ವಾದ ಅಲ್ಲಿಗೆ ಮುಗಿಯಿತು. ಪ್ರಸಂಗದ ಕತೆಯನ್ನು ಮಾತ್ರ ಯಾರೂ ಮುರಿಯುವಂತಿಲ್ಲ. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಬದುಕಿ ಉಳಿಯುವಂತಿಲ್ಲ!

1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕೂಡ ಹಲವರು ಸೇರಿ ಕತೆ ಕಟ್ಟುವ ಆಟವೇ. ಅಲ್ಲಿ ತಕರಾರು ಬಂದರೆ ‘ಡಂಜನ್ ಮಾಸ್ಟರ್’ ಆದವರ ಮಾತೇ ಕೊನೆ. 2001ರಲ್ಲಿ ಶುರುವಾದ ವಿಕಿಪೀಡಿಯದ ದಾರಿ ಬೇರೆ. ಅದರ ಬಹುಪಾಲು ಪುಟಗಳನ್ನು ಯಾರು ಬೇಕಾದರೂ ತಿದ್ದಬಹುದು. ಮೊದಲು ಏನಿತ್ತು, ಏನು ಬದಲಾಯಿತು ಎಂಬುದೂ ಉಳಿದಿರುತ್ತದೆ.

ಬ್ಯಾಂಕಿನ ಲೆಡ್ಜರಿನಲ್ಲಿ ನಮಗಿದ್ದ ಪದ್ಧತಿಯೂ ಹೀಗೇ. ತಪ್ಪು ಅಂಕಿಯ ಮೇಲೆ ಇನ್ನೊಂದು ಅಂಕಿ ತೀಡುವಂತಿಲ್ಲ, ಉಜ್ಜಿ ಅಳಿಸುವಂತಿಲ್ಲ. ಹಳೆಯದು ಓದಲು ಸಿಗುವಂತೆ ಒಂದು ಗೆರೆ ಹೊಡೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿಸಬೇಕು. ಜನರ ದುಡ್ಡಿನ ಲೆಕ್ಕಕ್ಕೆ ಇದು ಬೇಕೇ ಬೇಕು. ಆದರೆ ಕತೆ ಲೆಡ್ಜರ್ ಅಲ್ಲ. ಮಾತು ಮಾತಿಗೂ ಸಹಿ ಕೇಳಿದರೆ ಆಡುವವರು ಯಾರು?

ಆದ್ದರಿಂದ ಮೊದಲು ತಪ್ಪುಗಳನ್ನು ವಿಂಗಡಿಸಿಕೊಳ್ಳಿ.

ಒಂದು, ಮಾತಿನ ತಪ್ಪು. ಮಗು ‘ಹಸು ಬಂದನು’ ಎಂದರೆ ಆಟದ ನಡುವೆ ಯಾರೂ ತಡೆಯಬಾರದು. ಮುಂದಿನವರು ‘ಬಂದ ಹಸು ಹುಲ್ಲು ಮೇಯಿತು’ ಎಂದರೆ ಸಾಕು, ಸರಿಯಾದದ್ದು ಕಿವಿಗೆ ಬೀಳುತ್ತದೆ.

ಎರಡು, ಲೋಕಕ್ಕೆ ವಿರುದ್ಧವಾದದ್ದು. ಹುಲಿ ಹುಲ್ಲು ತಿಂದರೆ, ಚಂದ್ರ ಬಾವಿಗೆ ಬಿದ್ದರೆ ಕತೆಯಲ್ಲಿ ಅದು ತಪ್ಪೇ ಅಲ್ಲ. ನಿಜ ಏನೆಂದು ಊಟಕ್ಕೆ ಕುಳಿತಾಗ ಹೇಳಿಕೊಡಿ.

ಮೂರು, ಕತೆಗೇ ವಿರುದ್ಧವಾದದ್ದು. ಸತ್ತ ಕುದುರೆ ಓಡುವುದು ಈ ಬಗೆಯದು. ಇದನ್ನು ಸರಿಮಾಡಲೇಬೇಕು. ಮೊದಲ ಹಕ್ಕು ಹೇಳಿದವರದೇ. ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅವರಿಗೆ ಹೊಳೆಯದಿದ್ದರೆ ಮುಂದಿನವರು ಕತೆಯೊಳಗೇ ದಾರಿ ಹುಡುಕಲಿ: ‘ರಾಜ ಹತ್ತಿದ್ದು ಸತ್ತ ಕುದುರೆಯ ತಮ್ಮನ ಮೇಲೆ!’ ಅದಕ್ಕೂ ತಕರಾರಾದರೆ ಆ ದಿನದ ‘ಭಾಗವತ’ ಹೇಳಿದ್ದೇ ಕೊನೆ.

ಈ ಭಾಗವತನ ಕೆಲಸ ದಿನಕ್ಕೊಬ್ಬರಿಗೆ ಬರಬೇಕು, ಅತಿ ಚಿಕ್ಕವರಿಗೂ ಬರಬೇಕು. ನಮ್ಮ ಮನೆಯಲ್ಲಿ ಸದಾ ‘ಪಾಸ್’ ಎನ್ನುತ್ತಿದ್ದ ಏಳು ವರ್ಷದ ಮೊಮ್ಮಗಳಿಗೆ ಈ ಕೆಲಸ ಕೊಟ್ಟೆವು. ಯಾವ ಪಾತ್ರ ಎಲ್ಲಿದೆ, ಯಾರ ಕೈಯಲ್ಲಿ ಏನಿದೆ ಎಂಬುದೆಲ್ಲ ಅವಳಿಗೇ ಚೆನ್ನಾಗಿ ನೆನಪಿತ್ತು. ಸುಮ್ಮನೆ ಕೂತ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ.

ಅಜ್ಜ, ಅಜ್ಜಿ, ಅಪ್ಪ, ಅಮ್ಮಂದಿರಿಗೆ ಒಂದು ಮಾತು. ವಯಸ್ಸಾಗಿದೆ ಎಂಬ ಕಾರಣಕ್ಕೆ ಈ ಆಟದಲ್ಲಿ ತಿದ್ದುವ ಹಕ್ಕು ಬರುವುದಿಲ್ಲ. ಆಡುವುದಾದರೆ ನೀವೂ ಸುತ್ತಿನಲ್ಲಿ ಕುಳಿತು, ನಿಮ್ಮ ಸರದಿ ಬರುವವರೆಗೆ ಕಾಯಬೇಕು.