ಹಳೆಯ ಬಂಡಿ ಮಾರುವ ಮುನ್ನ ತೆರಿಗೆಯ ಲೆಕ್ಕ

ನಮ್ಮ ತಾಳವಾಡಿ ಸೀಮೆಯಲ್ಲಿ ಎಲೆಕೋಸು, ಆಲೂಗಡ್ಡೆ ಬೆಳೆಯುವ ರೈತರಲ್ಲಿ ಕೆಲವರು ಸರಕಿನ ಬಂಡಿಯನ್ನೂ ಇಟ್ಟುಕೊಂಡಿದ್ದಾರೆ. ನೆರೆಹೊರೆಯವರ ಮೂಟೆಗಳನ್ನು ಹೇರಿಕೊಂಡು, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೋ, ಇತ್ತ ಚಾಮರಾಜನಗರಕ್ಕೋ ಬಾಡಿಗೆ ಹೋಗುತ್ತಾರೆ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಬಾಡಿಗೆಯಾದರೋ ವ್ಯಾಪಾರದ ಆದಾಯ. ಆದುದರಿಂದ ಅಂಥ ಬಂಡಿಯನ್ನು ಮಾರಿದಾಗಲೂ ತೆರಿಗೆಯ ಲೆಕ್ಕ ಉಂಟು. ಇದನ್ನು ಹಲವರು ಅರಿಯರು.

ಪೂರ್ತಿಯಾಗಿ ಬಾಡಿಗೆಗೇ ಓಡುವ ಒಂದು ಬಂಡಿಯನ್ನು ರೈತನೊಬ್ಬ 8,00,000 ರೂಪಾಯಿಗೆ ಕೊಂಡನೆಂದು ಇಟ್ಟುಕೊಳ್ಳೋಣ. ಬಾಡಿಗೆ ಸರಕು ಬಂಡಿಗೆ ವರ್ಷಕ್ಕೆ ನೂರಕ್ಕೆ 30ರಂತೆ ಸವಕಳಿ ಕಳೆಯುತ್ತಾರೆ. ಮೊದಲ ವರ್ಷ 2,40,000, ಎರಡನೆಯ ವರ್ಷ 1,68,000, ಮೂರನೆಯ ವರ್ಷ 1,17,600. ಉಳಿದ ಪುಸ್ತಕದ ಬೆಲೆ 2,74,400 ರೂಪಾಯಿ. ನಾಲ್ಕನೆಯ ವರ್ಷ ಅವನು ಬಂಡಿಯನ್ನು 3,50,000ಕ್ಕೆ ಮಾರಿದ. “ನಾಲ್ಕೂವರೆ ಲಕ್ಷ ನಷ್ಟವಾಯಿತು, ಇದಕ್ಕೆಂಥ ತೆರಿಗೆ?” ಎನ್ನುತ್ತಾನೆ. ಕಾಯಿದೆ ನೋಡುವುದು ಕೊಂಡ ಬೆಲೆಯನ್ನಲ್ಲ, ಪುಸ್ತಕದ ಬೆಲೆಯನ್ನು. ಅವನಿಗಿದ್ದುದು ಅದೊಂದೇ ಬಂಡಿಯಾದರೆ 75,600 ರೂಪಾಯಿ ಅಲ್ಪಾವಧಿ ಬಂಡವಾಳ ಲಾಭವೆನಿಸಿ ಅವನ ಆದಾಯಕ್ಕೆ ಸೇರುತ್ತದೆ. 1961ರ ಕಾಯಿದೆಯ 50ನೆಯ ಕಲಮಿನ ಈ ನಿಯಮ 2025ರ ಹೊಸ ಕಾಯಿದೆಯಲ್ಲೂ ಮುಂದುವರಿದಿದೆ. ಒಟ್ಟು ಆದಾಯ ಕಡಿಮೆಯಿದ್ದವನಿಗೆ ತೆರಿಗೆ ಬೀಳದೆ ಹೋಗಬಹುದು, ಲೆಕ್ಕವನ್ನಂತೂ ತೋರಿಸಬೇಕು.

ಇನ್ನು ಹಳೆಯದನ್ನು ಕೊಟ್ಟು ಹೊಸದನ್ನು ತರುವ ಮಾತು. ವರ್ತಕನು ಹಳೆಯ ಬಂಡಿಗೆ ಕಟ್ಟಿದ ಬೆಲೆಯೇ ಮಾರಾಟದ ಬೆಲೆ. ಹೊಸ ಬಂಡಿ 9,00,000, ಹಳೆಯದಕ್ಕೆ ಕಟ್ಟಿದ್ದು 3,50,000 ಎಂದಿಟ್ಟುಕೊಳ್ಳಿ. 2,74,400ಕ್ಕೆ 9,00,000 ಕೂಡಿಸಿ 3,50,000 ಕಳೆದರೆ 8,24,400 ಉಳಿಯಿತು. ಆ ವರ್ಷ ಲಾಭವೆಂಬುದೇ ಏಳುವುದಿಲ್ಲ. ಮುಂದಿನ ಸವಕಳಿ ಈ ಮೊತ್ತದ ಮೇಲೆ ನಡೆಯುತ್ತದೆ. ಇದು ತೆರಿಗೆಯ ಮಾಫಿಯಲ್ಲ, ಮುಂದೂಡಿಕೆ. ಹೊಸ ಬಂಡಿ ಆ ವರ್ಷ 180 ದಿನಕ್ಕಿಂತ ಕಡಿಮೆ ದುಡಿದರೆ ಅದರ ಸವಕಳಿ ಅರ್ಧವೇ ಸಿಗುವುದು.

ಇಲ್ಲೊಂದು ಮುಖ್ಯ ಎಚ್ಚರಿಕೆ. ಮಾರುವುದೂ ಕೊಳ್ಳುವುದೂ ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ, ಒಂದೇ ವರ್ಷದಲ್ಲಿ ಆಗಬೇಕು. ಒಂದೇ ಬಂಡಿಯುಳ್ಳವನು ಮಾರ್ಚಿಯಲ್ಲಿ ಮಾರಿ ಏಪ್ರಿಲಿನಲ್ಲಿ ಕೊಂಡರೆ ಆ 75,600 ಹಿಂದಿನ ವರ್ಷದ ಲಾಭವಾಗಿಯೇ ನಿಲ್ಲುತ್ತದೆ. ಕೆಲವೇ ದಿನಗಳ ಅವಸರ ಅಥವಾ ಆಲಸ್ಯಕ್ಕೆ ತೆತ್ತ ಬೆಲೆ ಅದು.

“ನಾನು ಸವಕಳಿಯನ್ನೇ ಬರೆದಿಲ್ಲವಲ್ಲ” ಎನ್ನುವವರೂ ಇದ್ದಾರೆ. ಹತ್ತಕ್ಕೆ ಮೀರದ ಸರಕು ಬಂಡಿಗಳುಳ್ಳವರು ಲೆಕ್ಕಪುಸ್ತಕವಿಲ್ಲದೆ, ಸಣ್ಣ ಬಂಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿಯಂತೆ ಆದಾಯ ತೋರಿಸುವ ಸೌಕರ್ಯವುಂಟು. ಆದರೆ ಹಾಗೆ ತೋರಿಸಿದವರಿಗೂ ಸವಕಳಿ ಕಳೆದುಹೋಯಿತೆಂದೇ ಕಾಯಿದೆ ಎಣಿಸುತ್ತದೆ. ಪುಸ್ತಕ ಬರೆಯದಿದ್ದರೂ ಪುಸ್ತಕದ ಬೆಲೆ ಇಳಿಯುತ್ತಲೇ ಇರುತ್ತದೆ.

ಜಿಎಸ್‌ಟಿ ನೋಂದಣಿ ಇಲ್ಲದವರು ತಮ್ಮ ಹಳೆಯ ಬಂಡಿ ಮಾರಿದರೆ ಆ ತೆರಿಗೆ ಇಲ್ಲ. ನೋಂದಣಿ ಇದ್ದು, ಕೊಳ್ಳುವಾಗ ತೆತ್ತ ತೆರಿಗೆಯನ್ನು ಜಮೆ ಪಡೆಯದವರು, ಪುಸ್ತಕದ ಬೆಲೆಗಿಂತ ಹೆಚ್ಚಾಗಿ ಬಂದ ಹಣದ ಮೇಲೆ ಮಾತ್ರ ನೂರಕ್ಕೆ 18ರಂತೆ ಕೊಡಬೇಕು. ಹಳೆಯ ಬಂಡಿಗಳಿಗೆಲ್ಲ ಈ ಒಂದೇ ದರ 2025ರ ಜನವರಿಯಲ್ಲಿ ಬಂದಿತು. ನಮ್ಮ ಉದಾಹರಣೆಯಲ್ಲಿ ಅದು 75,600ಕ್ಕೆ 13,608 ರೂಪಾಯಿ. ಹಳೆಯದನ್ನು ಕೊಟ್ಟು ಹೊಸದನ್ನು ತಂದರೂ ಇದು ತಪ್ಪದು.

ರೈತ ಬಾಂಧವರೇ, ಕೊಂಡಾಗಿನ ರಸೀದಿ, ವರ್ಷವರ್ಷದ ಸವಕಳಿಯ ಪಟ್ಟಿ, ಹಳೆಯ ಬಂಡಿಗೆ ಕಟ್ಟಿದ ಬೆಲೆಯನ್ನು ಬೇರೆಯಾಗಿ ಬರೆಸಿದ ವರ್ತಕನ ಚೀಟಿ, ಈ ಮೂರನ್ನೂ ಒಂದು ಕಡೆ ಕಟ್ಟಿಡಿ. ಬೆಲೆ ಕುದುರಿಸುವ ಮುನ್ನ ಲೆಕ್ಕ ಬಲ್ಲವರಿಗೆ ಅವನ್ನು ತೋರಿಸಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗುವುದು ಬೇಡ.